ತಣ್ಣಗಿನ ಎಂಜಿನ್ನಿಗೆ ಹಂಬಲಿಸುವ ವೈರಕ್ಕ

ಬೀದಿದೀಪ ಇನ್ನೂ ಆರಿಲ್ಲ. ಗ್ಯಾರೇಜಿನ ಅಂಗಳಕ್ಕೆ ಕಾಲಿಡುವ ಮೊದಲೇ ವೈರಕ್ಕನ ಮೂಗಿಗೆ ಪೆಟ್ರೋಲಿನ ವಾಸನೆ, ಕಿವಿಗೆ ಎಂಜಿನ್ನಿನ ಗುರುಗುರು. ಹೆಗಲಿನ ಚೀಲವನ್ನು ದೊಪ್ಪನೆ ನೆಲಕ್ಕಿಟ್ಟು ಆಕೆ ಹಣೆ ಚಚ್ಚಿಕೊಳ್ಳುತ್ತಾಳೆ.

"ಡ್ರೈವರಣ್ಣಾ, ಕೀಲಿ ಮುಟ್ಟಬೇಡಿ ಅಂತ ನಿನ್ನೆ ಹೇಳಿದ್ನೋ ಇಲ್ವೋ?"

"ಹೇಳಿದ್ದೆ ಕಣಮ್ಮ. ರಾತ್ರಿಯೆಲ್ಲ ಚಳೀಲಿ ನಿಂತಿತ್ತಲ್ಲ, ಪಾಪ. ನೀನು ಬರೋಷ್ಟರಲ್ಲಿ ಸ್ವಲ್ಪ ಬೆಚ್ಚಗಾಗ್ಲಿ ಅಂತ..."

"ಬೆಚ್ಚಗೆ! ಒಂದು ಕಂಬಳಿ ಹೊದಿಸಿ, ಜೋಗುಳಾನೂ ಹಾಡಿಬಿಡಿ!"

ಗಾಡಿಗಳ ವೈರಿಂಗ್ ಕೆಲಸ ಮಾಡುವ ಈ ಹೆಂಗಸು ಇಷ್ಟು ಬೇಗ ಏಳುವುದಕ್ಕೆ ಕಾರಣವೇ ಎಂಜಿನ್ನಿನ ತಣ್ಣಗಿನ ಮೈ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಂಜಿನ್ನಿನೊಳಗಿನ ನೀರೂ ಅದು ಎಳೆದುಕೊಳ್ಳುವ ಗಾಳಿಯೂ ಬೆಳಿಗ್ಗೆ ಒಂದೇ ಬಿಸಿಯಲ್ಲಿರುತ್ತವೆ. ಈ ಎರಡರ ಬಿಸಿ ನೋಡುವ ಸೆನ್ಸರುಗಳ ಅಂಕಿ ತಾಳೆಯಾದರೆ ವೈರು ಸರಿ, ಇಲ್ಲದಿದ್ದರೆ ಎಲ್ಲೋ ಎಡವಟ್ಟು. ಯಾರಾದರೂ ಒಮ್ಮೆ ಕೀಲಿ ತಿರುವಿದರೋ, ಆ ಹೋಲಿಕೆ ಮತ್ತೆ ಸಿಗುವುದು ಮರುದಿನ ಬೆಳಿಗ್ಗೆಯೇ. ಇದನ್ನು ಆಕೆ ಎಲ್ಲರಿಗೂ ಹೇಳುತ್ತಾಳೆ. ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಪ್ರೀತಿಯಿಂದ ಎದ್ದು ಬಂದು ಕೀಲಿ ತಿರುವುತ್ತಾರೆ.

ಆದರೆ ಇವತ್ತು ನಾಳೆಗೆ ಹಾಕುವಂತಿಲ್ಲ. ಈ ವ್ಯಾನು ದಿನ ಬೆಳಗಾದರೆ ಕಿಡ್ನಿ ಕೆಟ್ಟವರನ್ನು ಡಯಾಲಿಸಿಸ್‌ಗೆ ಒಯ್ಯುತ್ತದೆ. ಹೋದ ವಾರ ಮುಂಜಾವಿನ ಕತ್ತಲಲ್ಲಿ, ಮೂವರು ರೋಗಿಗಳನ್ನು ಕೂರಿಸಿಕೊಂಡು, ಸೇತುವೆಯ ಮೇಲೆ ಕಪ್ಪು ಹೊಗೆ ಉಗುಳಿ ನಿಂತುಬಿಟ್ಟಿತು. ಇನ್ನೊಮ್ಮೆ ನಿಂತರೆ ಬೇರೆ ವ್ಯಾನು ನೋಡುತ್ತೇವೆ ಎಂದಿದ್ದಾರೆ ಆಸ್ಪತ್ರೆಯವರು. ಡ್ರೈವರಣ್ಣನ ಮನೆಯ ಒಲೆ ಉರಿಯುವುದು ಇದೊಂದೇ ಬಾಡಿಗೆಯಿಂದ. ಗ್ಯಾರೇಜಿಗೆ ತಂದ ಮೇಲೆ ಹಗಲಿಡೀ ಓಡಿಸಿ ನೋಡಿದರೆ ಒಂದು ಸಲವೂ ಕೆಮ್ಮಲಿಲ್ಲ. ಅದೇ ಆತನಿಗೆ ಭಯ.

ಈ ರಾಮಾಯಣದ ಮೂಲಪುರುಷ ವೈರಕ್ಕನ ಸ್ವಂತ ಅಣ್ಣ, ಗ್ಯಾರೇಜಿನ ಮೆಕ್ಯಾನಿಕ್. ಎಂಜಿನ್ನು ಎಷ್ಟು ಗಾಳಿ ಎಳೆಯುತ್ತಿದೆ ಎಂದು ಅಳೆಯುವ ಸೆನ್ಸರು ಕೆಟ್ಟಿತ್ತು. ಇಷ್ಟು ಹಳೆಯ ಗಾಡಿಗೆ ಅದು ಸಿಗುವುದಿಲ್ಲ. ಅದನ್ನು ಬಿಚ್ಚಿ, ಬದಲಿಗೆ ಗಾಳಿಯ ಒತ್ತಡ ನೋಡುವ ಇನ್ನೊಂದನ್ನು ಹಾಕಿ, ಗಾಡಿಯ ಕಂಪ್ಯೂಟರನ್ನೂ ಅದಕ್ಕೆ ಹೊಂದಿಸಿದ. ಅಲ್ಲಿಯವರೆಗೆ ಸರಿಯೇ. ಆದರೆ ಗಾಳಿಯ ಬಿಸಿ ನೋಡುವ ಪುಟ್ಟ ಸೆನ್ಸರು ಆ ಹಳೆಯದರ ಹೊಟ್ಟೆಯೊಳಗೇ ಇತ್ತು. ಅದೂ ಹೋಯಿತು. ಪಾಪದ ಕಂಪ್ಯೂಟರು ಹೊರಗೆ ಹಿಮ ಬೀಳುತ್ತಿದೆ ಎಂದು ತಿಳಿದು ಪೆಟ್ರೋಲು ಸುರಿಯತೊಡಗಿತು.

"ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಯ್ತು," ಎನ್ನುತ್ತಾಳೆ ವೈರಕ್ಕ. "ಕೊಯ್ದೋನು ಒಬ್ಬ, ಹೊಲಿಯೋಳು ನಾನು. ಹುಟ್ಟಿದಾಗಿಂದ ಇದೇ ಆಯ್ತು."

ಹುಟ್ಟಿದಾಗಿನಿಂದ ಎನ್ನುವುದು ಬರೀ ಮಾತಿಗಲ್ಲ. ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅಣ್ಣ ಬಿಚ್ಚಿ ಹರಡಿದ್ದನ್ನು ತಂಗಿ ಬೆಸುಗೆ ಹಾಕಿ ಕೂಡಿಸಬೇಕು. ಅಪ್ಪ ಹೋದ ಮೇಲೆ ರೇಡಿಯೊ ಅಂಗಡಿಯೂ ಹೋಯಿತು, ಬೆಸುಗೆ ಕಡ್ಡಿ ಮಾತ್ರ ಕೈಯಲ್ಲಿ ಉಳಿಯಿತು. ಬೆರಳ ತುದಿಗಳು ಸುಟ್ಟು ಸುಟ್ಟು ನುಣುಪಾಗಿವೆ. ಬಾನೆಟ್ಟಿನೊಳಗೆ ಬಾಗಿ ಬಾಗಿ ಸೊಂಟ ಮಾತು ಕೇಳುವುದಿಲ್ಲ. ಇಷ್ಟಾದರೂ ಬರುವ ಗಿರಾಕಿಗಳು ಆಕೆಯನ್ನೇ ನೋಡಿಕೊಂಡು, "ವೈರಿಂಗ್ ಮಾಡೋರು ಇಲ್ವಾ?" ಎನ್ನುತ್ತಾರೆ. "ಇದ್ದಾರೆ, ಕೈ ತೊಳ್ಕೊಂಡು ಬರ್ತಾರೆ ಕೂತ್ಕೊಳಿ," ಎಂದು ಒಳಹೋಗಿ, ಕೈ ತೊಳೆದು, ತಾನೇ ಬರುತ್ತಾಳೆ.

ಗಾಳಿಯ ಬಿಸಿ ನೋಡುವ ಹೊಸ ಸೆನ್ಸರನ್ನು ಆಕೆ ಹೋದ ವಾರಕ್ಕೂ ಮೊದಲೇ ಕೂರಿಸಿದ್ದಳು. ಬೆರಳ ತುದಿಯಷ್ಟು ಸಾಮಾನು, ಎರಡೇ ವೈರು. ಆದರೂ ವ್ಯಾನು ಸೇತುವೆಯ ಮೇಲೆ ಯಾಕೆ ನಿಂತಿತು? ಎಂಜಿನ್ನು ಈಗ ಕಾದ ಹಂಚು, ಹೋಲಿಸಲು ಏನೂ ಇಲ್ಲ. ವೈರಕ್ಕ ಗಾಳಿಯ ಕೊಳವೆಯಿಂದ ಸೆನ್ಸರನ್ನು ತಿರುಚಿ ತೆಗೆದು, ವೈರು ಸಮೇತ ಡ್ರೈವರಣ್ಣನ ಮುಂದೆ ಹಿಡಿಯುತ್ತಾಳೆ.

"ಶರ್ಟಿನ ಗುಂಡಿ ಬಿಚ್ಚಿ."

"ಏನಮ್ಮ ಇದು, ಬೆಳಬೆಳಿಗ್ಗೆ?"

"ಎಂಜಿನ್ ಬಿಸಿ ಮಾಡಿದ್ದು ಯಾರು? ಈಗ ಅದರ ಕೆಲಸ ನೀವೇ ಮಾಡಿ."

ಒಂದು ಕಂಕುಳಲ್ಲಿ ಸೆನ್ಸರು. ಇನ್ನೊಂದರಲ್ಲಿ, ರೋಗಿಗಳಿಗೆಂದು ವ್ಯಾನಿನಲ್ಲೇ ಇಟ್ಟಿದ್ದ ಜ್ವರದ ಥರ್ಮಾಮೀಟರು. ಬಾನೆಟ್ಟಿಗೆ ಮೈಯಾನಿಸಿ, ಎರಡೂ ತೋಳು ಒತ್ತಿಕೊಂಡು ಡ್ರೈವರಣ್ಣ ರೆಕ್ಕೆ ಕಟ್ಟಿದ ಕೋಳಿಯ ಹಾಗೆ ನಿಲ್ಲುತ್ತಾನೆ. ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿದ ಸ್ಕ್ಯಾನರಿನಲ್ಲಿ ಅಂಕಿ ನಿಧಾನ ಏರಿ ಮೂವತ್ತಾರು ಡಿಗ್ರಿಗೆ ನಿಲ್ಲುತ್ತದೆ. ಥರ್ಮಾಮೀಟರಿನಲ್ಲೂ ಅಷ್ಟೇ.

"ನೋಡು, ಸರಿಯಾಗೇ ಇದೆ," ಎನ್ನುತ್ತಾನೆ ಅಷ್ಟರಲ್ಲಿ ಹಲ್ಲುಜ್ಜುತ್ತಾ ಬಂದ ಅಣ್ಣ. "ಕತ್ತಲಲ್ಲಿ ಏನ್ ಕಾಣುತ್ತೆ ನಿಂಗೆ?" ಎಂದು ಸಹಾಯಕ್ಕೆಂಬಂತೆ ಹೆಡ್‌ಲೈಟ್ ಹಾಕುತ್ತಾನೆ.

ಅಂಕಿ ದಡಕ್ಕನೆ ಇಪ್ಪತ್ತನಾಲ್ಕಕ್ಕೆ ಬೀಳುತ್ತದೆ.

ವೈರಕ್ಕ ಸ್ಕ್ಯಾನರಿನತ್ತ ಬಾಗುತ್ತಾಳೆ. "ಆರಿಸು." ಮೂವತ್ತಾರು. "ಹಾಕು. ಒಳಗಿನ ಫ್ಯಾನೂ ಹಾಕು." ಹದಿನೆಂಟು.

"ಲೈಟ್ ಹಾಕಿದ್ರೆ ಹೆಣದ ಹಾಗೆ ತಣ್ಣಗಾಗ್ತೀರಲ್ಲ ಡ್ರೈವರಣ್ಣ!"

"ನಾನು ಬದುಕಿದೀನಿ ತಾನೇ?" ಆತ ತೋಳು ಸಡಿಲಿಸದೆ ಕೇಳುತ್ತಾನೆ.

ಸಾಯಬೇಕಾದವನು ಬೇರೆ ಇದ್ದಾನೆ ಎನ್ನುವಂತೆ ಆಕೆ ಅಣ್ಣನ ಕಡೆ ತಿರುಗುತ್ತಾಳೆ. ಟಾರ್ಚು ಹಿಡಿದು ಹುಡುಕಿದರೆ ಸಿಕ್ಕಿತು: ಕಂಪ್ಯೂಟರಿನದೇ ಅರ್ತ್ ವೈರಿಗೆ ಆಕೆ ಬೆಸೆದಿದ್ದ ಸೆನ್ಸರಿನ ತಂತಿಯನ್ನು ಯಾರೋ ಕತ್ತರಿಸಿ, ಪಕ್ಕದ ತಗಡಿಗೆ ಸ್ಕ್ರೂ ಹಾಕಿ ಬಿಗಿದಿದ್ದಾರೆ. ಲೈಟು, ಫ್ಯಾನು ಎಲ್ಲದರ ಕರೆಂಟೂ ಅದೇ ತುಕ್ಕು ಹಿಡಿದ ತಗಡಿನಲ್ಲಿ ಹರಿಯುತ್ತದೆ. ಲೈಟು ಹೊತ್ತಿದಾಗೆಲ್ಲ ಸೆನ್ಸರು ಸುಳ್ಳು ಹೇಳುತ್ತದೆ. ಹಗಲಲ್ಲಿ ಕೆಮ್ಮದ ಗಾಡಿ ಕತ್ತಲಲ್ಲಿ ಸತ್ತದ್ದು ಅದಕ್ಕೇ.

"ಉದ್ದ ಜೋತಾಡ್ತಿತ್ತು ಕಣೇ. ನೋಡೋಕೆ ಚೆನ್ನಾಗಿರ್ಲಿಲ್ಲ," ಅಣ್ಣ ತೊದಲುತ್ತಾನೆ. "ಅರ್ತ್ ಅಂದ್ರೆ ಅರ್ತು ತಾನೇ, ಎಲ್ಲಿ ಕೊಟ್ರೇನು?"

"ಬಾಯಿ ಅಂದ್ರೆ ಬಾಯಿ ತಾನೇ? ನಾಳೆಯಿಂದ ನಿನ್ನ ಊಟಾನೂ ನಾನೇ ನುಂಗ್ತೀನಿ!"

ಬೈಯುತ್ತಲೇ ಬೆಸುಗೆ ಕಡ್ಡಿ ಕಾಯಿಸುತ್ತಾಳೆ. ವೈರು ಮರಳಿ ತನ್ನ ಜಾಗಕ್ಕೆ ಸೇರುತ್ತದೆ. ಲೈಟು, ಫ್ಯಾನು, ವೈಪರು ಎಲ್ಲ ಹಾಕಿದರೂ ಡ್ರೈವರಣ್ಣನ ಕಂಕುಳು ಮೂವತ್ತಾರರಿಂದ ಅಲುಗುವುದಿಲ್ಲ. ಸೆನ್ಸರು ಕೊಳವೆಗೆ ಹೋಗುತ್ತದೆ, ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಆತ ಗಾಡಿ ಏರುತ್ತಾನೆ. ವ್ಯಾನು ಎರಡು ದೀಪ ಬೆಳಗಿಸಿಕೊಂಡು, ಹೊಗೆಯಿಲ್ಲದೆ, ರೋಗಿಗಳನ್ನು ಹತ್ತಿಸಿಕೊಳ್ಳಲು ಸೇತುವೆಯ ಕಡೆ ತಿರುಗುತ್ತದೆ. ಅಣ್ಣ ತಂಗಿ ಇಬ್ಬರೂ ಫೋನು ನೋಡುತ್ತಾ ನಿಲ್ಲುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಅದು ಮೊಳಗುತ್ತದೆ. "ಆಸ್ಪತ್ರೆ ಗೇಟಲ್ಲಿದೀನಿ ಕಣಮ್ಮ. ಎಲ್ಲರನ್ನೂ ಇಳಿಸಿದೆ. ಲೈಟ್ ಇನ್ನೂ ಆರಿಸಿಲ್ಲ, ಆರಿಸ್ಲಾ?"

"ಆರಿಸಿ ಮಾರಾಯ್ರೇ, ಬ್ಯಾಟರಿ ಹೋಗುತ್ತೆ!"

ನಕ್ಕು, ಕಣ್ಣೊರೆಸಿಕೊಂಡು, ಆಕೆ ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾಳೆ. ಏನಾದರೂ ಆಸೆ ಇದೆಯೇ ಎಂದರೆ ಬಹಳ ಯೋಚಿಸುವುದಿಲ್ಲ. "ಬೋರ್ಡಲ್ಲಿ ಹೆಸರು ಬೇಡ, ಏನೂ ಬೇಡ. ನಾನು ಬರೋವರೆಗೆ ಯಾರೂ ಕೀಲಿ ಮುಟ್ಟದಿರೋ ಒಂದು ಬೆಳಿಗ್ಗೆ ಸಾಕು. ಒಂದೇ ಒಂದು."

ಅಂಗಳದ ಆ ಕಡೆ ಇನ್ನೊಂದು ಕಾರು ನಿಂತಿದೆ, ನಿನ್ನೆ ಸಂಜೆಯಿಂದ ಆಕೆಗಾಗಿಯೇ ತಣ್ಣಗಾಗುತ್ತಾ. ಅದರ ಎಂಜಿನ್ನು ಗುರುಗುಟ್ಟುತ್ತದೆ. ಕಿಟಕಿಯಿಂದ ಅಣ್ಣ ತಲೆ ಹೊರಹಾಕುತ್ತಾನೆ, ಮುಖದ ತುಂಬ ಪ್ರಾಯಶ್ಚಿತ್ತದ ನಗು.

"ತಂಗೀ, ನೀನು ಟೀ ಕುಡಿ. ಅಷ್ಟರಲ್ಲಿ ಇದನ್ನ ಬೆಚ್ಚಗೆ ಮಾಡಿಡ್ತೀನಿ."