ನಾಕಾದಲ್ಲಿ ಉಟ್ಟ ಸೀರೆ

ಭೀಮೆಯ ಈ ದಂಡೆಗೆ ನಮ್ಮೂರು, ಇಂಗ್ರೇಜರ ರಾಜ್ಯ. ಆ ದಂಡೆಗೆ ಮೊಗಲಾಯಿ, ನಿಜಾಮರದು. ಅಕ್ಕನನ್ನು ಕೊಟ್ಟದ್ದು ಆಚೆಗೆ, ಅಫಜಲಪುರದ ಕಡೆಯ ಹಳ್ಳಿಗೆ. ನಮ್ಮದೇ ದೋಣಿ ಇತ್ತು, ಹೋಗಿ ಬರುವುದೇನು ಮಹಾ! ಆದರೆ ಆಚೆ ದಂಡೆಯಲ್ಲಿ ಕರೋಡಗಿರಿ ನಾಕಾ ಅಂತ ಸುಂಕದವರ ಗುಡಿಸಲೊಂದಿತ್ತು, ಅದರ ಮನೆ ಹಾಳಾಗಲಿ. ಹೊಸ ವಲ್ಲಿವಸ್ತ್ರ ಹೆಗಲ ಮೇಲಿದ್ದರೂ ಹಿಡಿದು ನಿಲ್ಲಿಸುತ್ತಿದ್ದರು.

ಉಟ್ಟ ಬಟ್ಟೆಗೆ ಮಾತ್ರ ಸುಂಕವಿರಲಿಲ್ಲ. ಅದಕ್ಕೇ ಅಕ್ಕನಿಗೆ ಹಬ್ಬದ ಸೀರೆ ಒಯ್ಯುವಾಗಲೆಲ್ಲ ನಾನು ಅದನ್ನು ಉಟ್ಟೇ ದೋಣಿ ಇಳಿಯುತ್ತಿದ್ದೆ. ಅವಳ ಪ್ರತಿ ಹೊಸ ಸೀರೆಯ ಘಳಿಗೆ, ಅಂದರೆ ಅಂಗಡಿಯ ಮಡಿಕೆ, ಮುರಿದವಳು ನಾನೇ. “ನೀ ಉಟ್ಟು ಕೊಟ್ರನ ನನಗ ಚೆಂದ ಕಾಣ್ತದ ಬೇ,” ಎಂದು ನಗುತ್ತಿದ್ದಳು.

ಆ ಅಕ್ಕ ಹೆರಿಗೆಯಲ್ಲಿ ಹೋದಳೆಂದು ಒಂದು ದಿನ ಆಚೆ ದಂಡೆಯಿಂದ ಕೂಗಿ ಹೇಳಿದರು. ಮುತ್ತೈದೆಯನ್ನು ಮಣ್ಣಿಗೆ ಕಳಿಸುವುದು ತವರಿನ ಸೀರೆಯಲ್ಲಿ, ಅದೂ ಯಾರೂ ಉಡದ ಸೀರೆಯಲ್ಲಿ. ಅಪ್ಪ ಹಸಿರು ಇಳಕಲ್ ಸೀರೆ ತಂದ. ಅವ್ವನಿಗೆ ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ನಾನೂ ಅಪ್ಪನೂ ಹೊರಟೆವು.

ನಾಕಾದಲ್ಲಿ ಜವಾನನೊಬ್ಬನೇ ಇದ್ದ. “ಸಾಹೇಬ್ರು ಜೇವರ್ಗಿಗೆ ಹೋಗ್ಯಾರ್ರಿ. ಅವರ ಮೊಹರಿಲ್ಲದ ಹೊಸಾ ಅರಿವಿ ಬಿಡಂಗಿಲ್ಲ.” ಸುಂಕ ಕೊಡುತ್ತೇವೆ ಎಂದರೆ, ತೆಗೆದುಕೊಳ್ಳಲು ಅವನಿಗೆ ಹುಕುಂ ಇಲ್ಲ. ಅಪ್ಪ ಅವನ ಕಾಲು ಹಿಡಿಯಲು ಬಗ್ಗಿದ. ನನ್ನ ಅಪ್ಪ!

“ಬ್ಯಾಡ್ರಿ ಯಪ್ಪಾ, ನನ್ನ ನೌಕರಿ ಹೋಗ್ತದ,” ಎಂದು ಜವಾನ ಹಿಂದೆ ಸರಿದ. “ಯಾವಾಗಿನಂಗ ಈ ತಂಗಿಗೆ ಉಡಸ್ರಲ್ಲ.” ಕೆಟ್ಟವನಲ್ಲ ಪಾಪ, ದಾರಿ ತೋರಿಸಿದ.

ಹೊತ್ತು ಇಳಿಯುತ್ತಿತ್ತು. ಸಂಜೆಯೊಳಗೆ ಮಣ್ಣು ಮಾಡಿಬಿಡುತ್ತಾರೆ. ಅಪ್ಪ ನನ್ನ ಮುಖ ನೋಡದೆ, “ಉಟ್ಕೋವ್ವಾ,” ಎಂದ. ಹೊಳೆದಂಡೆಯ ಜಾಲಿ ಕಂಟಿಯ ಮರೆಯಲ್ಲಿ, ಅಳುತ್ತ, ಸತ್ತ ಅಕ್ಕನ ಸೀರೆ ಉಟ್ಟೆ. ನಾಕಾ ದಾಟಿದ ಮೇಲೆ ಬಿಚ್ಚಿ, ಹಳೆಯ ಗೆರೆಗಳ ಮೇಲೇ ಮತ್ತೆ ಮಡಿಚಿದೆ. ಎಷ್ಟು ಸಲ ಮಡಿಚಿದರೂ ಗೆರೆಗೆ ಗೆರೆ ಕೂಡಲಿಲ್ಲ.

ಅಕ್ಕನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ನಮ್ಮ ಹಾದಿಯನ್ನೇ ಕಾಯುತ್ತಿದ್ದರು. ಅವಳ ಅತ್ತೆ ನಾವು ತಂದ ಸೀರೆಯ ಮಡಿಕೆ ಬಿಚ್ಚಿದಳು. ಅಂಚಿಗೆ ಹೊಳೆಯ ಕೆಸರು ಹತ್ತಿತ್ತು.

“ಯಾರ ಉಟ್ಟಿದ್ರಿದನ್ನ?”

ಅಪ್ಪ ನಾಕಾದ ಸುದ್ದಿ ಹೇಳತೊಡಗಿ ಅರ್ಧಕ್ಕೇ ಬಿಕ್ಕಿದ. ಆ ಮುದುಕಿಯೂ ಅಳುತ್ತಲೇ ಸೀರೆಯನ್ನು ನನ್ನ ಕೈಗೆ ಮರಳಿಸಿದಳು. “ಇದು ನಡಿಯಂಗಿಲ್ಲ ನನ್ನವ್ವಾ. ನಾ ಏನ್ ಮಾಡ್ಲಿ?” ಅಕ್ಕನ ಸೀರೆಯೆಲ್ಲ ನಾನೇ ಉಟ್ಟು ಕೊಡುತ್ತಿದ್ದೆ ಎಂದು ಕೂಗಿದೆ. ಯಾರು ಕೇಳುತ್ತಾರೆ! ಅಕ್ಕ ಗಂಡನ ಮನೆಯ ಸೀರೆಯಲ್ಲೇ ಹೋದಳು.

ಮರಳುವಾಗ ನಾಕಾದಲ್ಲಿ ಅದೇ ಜವಾನ. ನಾನು ಎದೆಗವಚಿಕೊಂಡಿದ್ದ ಸೀರೆಯ ಅಂಚು ಹಿಡಿದು, ಕೆಸರು ನೋಡಿದ.

“ಉಟ್ಟ ಸೀರಿ ಐತಿ. ಸುಂಕಿಲ್ಲ, ಹೋಗ್ರಿ,” ಎಂದ.