ಬಾಳೆಬುಡಕ್ಕೆ ಹೊಯ್ದ ಹಾಲು

"ಮೇಡಂ, ಒಂದು ಅಮೈನೊ ಆಮ್ಲದ ತೊಂದ್ರೆಗೇ ಕೂಸು ಸತ್ತೋಗ್ತದಾ?"

ಕೊಪ್ಪದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ, ಉಳಿದವರೆಲ್ಲ ಬಸ್ಸಿಗೆ ಓಡಿದ ಮೇಲೆ, ಬೇಗಾರಿನ ಸುಜಾತ ಹೀಗೆ ಕೇಳಿದಳು. ಅವಳ ಕೈಯಲ್ಲಿ ಅಂದಿನ ಪ್ರಯೋಗದ ಗಾಜಿನ ತಟ್ಟೆಗಳಿದ್ದವು. ವಂಶವಾಹಿಯಲ್ಲಾದ ಸಣ್ಣದೊಂದು ಬದಲಾವಣೆಯಿಂದ ಅಮೈನೊ ಆಮ್ಲವೊಂದನ್ನು ತಯಾರಿಸಿಕೊಳ್ಳಲಾಗದ ಬ್ಯಾಕ್ಟೀರಿಯಾ, ಆ ಆಮ್ಲ ಬೆರೆಸಿದ ತಟ್ಟೆಯಲ್ಲಿ ಬೆಳೆದಿತ್ತು. ಬೆರೆಸದ ತಟ್ಟೆ ಖಾಲಿ ಇತ್ತು.

ಅವಳ ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರು. ಹುಟ್ಟಿದ ಎರಡು ಕೂಸುಗಳೂ ಕೆಲವೇ ದಿನಗಳಲ್ಲಿ ಹಾಲು ಕುಡಿಯುವುದನ್ನು ಬಿಟ್ಟು ತೀರಿಕೊಂಡಿದ್ದವು. ಹಾಲಿನಲ್ಲಿರುವ ಅಮೈನೊ ಆಮ್ಲ ಮೈಗೆ ಅರಗದ, ವಂಶದಲ್ಲಿ ಬರುವ ಕಾಯಿಲೆ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರಂತೆ. ಮನೆಯಲ್ಲಿ ಉಳಿದದ್ದು ಮಾತ್ರ ಒಂದೇ ಮಾತು, ಅವಳ ಎದೆಹಾಲೇ ವಿಷ ಎಂಬುದು. ಹಾಗಂದದ್ದು ಅತ್ತೆ, ಅಂದರೆ ಈ ಅಕ್ಕತಂಗಿಯರ ಸ್ವಂತ ಅಜ್ಜಿ.

"ಹಾಲಿನ ತಪ್ಪಲ್ಲ ಮಾರಾಯ್ತಿ. ಅದನ್ನು ಅರಗಿಸೋಕಾಗದ ಕೊರತೆ ಕೂಸಿಗೆ ಅಪ್ಪ ಅಮ್ಮ ಇಬ್ರಿಂದ್ಲೂ ಬಂದಿರ್ತದೆ" ಎಂದೆ.

"ನಂಗೆ ಗೊತ್ತಾಯ್ತು ಮೇಡಂ. ಆದ್ರೆ ಅಕ್ಕ ಹಾಲು ಹಿಂಡಿ ಬಾಳೆಬುಡಕ್ಕೆ ಹೊಯ್ತಾಳೆ. ಗಿಡ ಸತ್ತಿದ್ಯಾ ಅಂತ ದಿನಾ ಬೆಳಿಗ್ಗೆ ಹೋಗಿ ನೋಡ್ತಾಳೆ."

ಆಮೇಲೆ ನಾನೇ ಅವಳ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿ ಬಂದೆ. ಅಜ್ಜಿ ಕಾಫಿ ಕೊಟ್ಟು, ಕೇಳಿಸಿಕೊಂಡು, ತಲೆಯಾಡಿಸಿದರು. ಆ ಬಾಳೆ ಮುಂದೆ ಒಳ್ಳೆಯ ಗೊನೆ ಹಾಕಿತಂತೆ. ಮನೆಯಲ್ಲಿ ಒಬ್ಬರೂ ಅದರ ಹಣ್ಣು ಮುಟ್ಟಲಿಲ್ಲವಂತೆ.