ಮರಳಿನಲ್ಲಿ ನೆಟ್ಟ ಕೊಂಬೆ

ಬೆಂಗಳೂರಿನ ಸಿದ್ದಾಪುರದಲ್ಲಿ ನನ್ನದೊಂದು ಪಾಸ್‌ಪೋರ್ಟ್ ಫೋಟೋ ಅಂಗಡಿ. ದಿನವೆಲ್ಲ “ಗದ್ದ ಸ್ವಲ್ಪ ಕೆಳಗೆ ಸಾರ್, ಅಲ್ಲಾಡ್ಬೇಡಿ ಮೇಡಂ” ಎಂದು ಹೇಳಿ ಹೇಳಿ, ನನ್ನ ಮಾತೇ ಕೇಳದ ಜೀವಿಯೊಂದರ ಫೋಟೋ ತೆಗೆಯಬೇಕೆಂಬ ಹಟ ಹುಟ್ಟಿತು. ಬೇಸಿಗೆಯ ಭಾನುವಾರಗಳಂದು ಅಂಗಡಿಗೆ ಬೀಗ ಹಾಕಿ ಕಾವೇರಿ ದಂಡೆಗೆ ಹೋಗತೊಡಗಿದೆ. ನೀರಿಳಿದ ಮೇಲೆ ಅಲ್ಲಿ ಕಣ್ಣು ಹಾಯುವಷ್ಟು ದೂರ ಮರಳು.

“ಮರಳು ನೋಡೋಕೆ ಅಷ್ಟು ದೂರ ಹೋಗ್ಬೇಕೇನ್ರೀ? ನಮ್ಮ ಬೀದಿಲೇ ಮನೆ ಕಟ್ಟೋರು ಲೋಡುಗಟ್ಲೆ ಸುರಿದಿದಾರೆ” ಎಂದು ಹೆಂಡತಿಯ ಗೇಲಿ.

ಒಂದು ಬೆಳಿಗ್ಗೆ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿದೇಬಿಡುತ್ತಿದ್ದೆ. ಮರಳಲ್ಲಿ ಸಣ್ಣ ಗುಳಿ, ಅದರಲ್ಲಿ ಮರಳಿನದೇ ಬಣ್ಣದ ಮೂರು ಮೊಟ್ಟೆ. ತಾಯಿ ಹಕ್ಕಿ ಮುಷ್ಟಿಗಿಂತ ಚಿಕ್ಕದು, ಕಣ್ಣಿನ ಸುತ್ತ ಹಳದಿ ಬಳೆ. ಮರಿ ಹೊರಬರುವ ಗಳಿಗೆಯ ಫೋಟೋ ತೆಗೆದೇ ತೀರಬೇಕೆಂದು ಅಲ್ಲೇ ನಿರ್ಧರಿಸಿದೆ.

ಆದರೆ ಅಲ್ಲಿಗೆ ಸ್ನಾನಕ್ಕೆಂದು ಜನ ಬರುತ್ತಾರೆ. ಯಾರಾದರೂ ತುಳಿದರೆ? ಬಿಟಿಎಂ ಲೇಔಟಿನ ರಸ್ತೆಯಲ್ಲಿ ಗುಂಡಿ ಬಿದ್ದರೆ ನಾವೇನು ಮಾಡುತ್ತೇವೋ ಅದನ್ನೇ ಮಾಡಿದೆ. ಸುತ್ತ ನಾಲ್ಕು ಕಲ್ಲಿಟ್ಟು, ಪಕ್ಕದಲ್ಲಿ ಒಂದು ಒಣ ಕೊಂಬೆ ನೆಟ್ಟೆ. ದೊಡ್ಡ ಪುಣ್ಯದ ಕೆಲಸ ಮಾಡಿದವನಂತೆ ಬೀಗುತ್ತಾ ಊರಿಗೆ ಬಂದೆ.

ಮುಂದಿನ ಭಾನುವಾರ ಗುಳಿಯಲ್ಲಿ ಬರೀ ಚಿಪ್ಪಿನ ಚೂರು. ದಂಡೆಯಲ್ಲಿ ಆಡು ಮೇಯಿಸುತ್ತಿದ್ದ ಅಜ್ಜಿ ಹತ್ತಿರ ಬಂದಳು.

“ಕೊಂಬೆ ನೆಟ್ಟೋನು ನೀನೇನಪ್ಪ? ಕಾಗೆ ಅದ್ರ ಮ್ಯಾಲೇ ಕುಂತು ನೋಡ್ತಿತ್ತು. ನೀನು ಗುರ್ತು ಮಾಡ್ದೆ ಇದ್ದಿದ್ರೆ ಅದ್ಕೆಲ್ಲಿ ಕಾಣ್ತಿತ್ತು?”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಆದರೆ ಬಿಡುವ ಜಾಯಮಾನ ನನ್ನದಲ್ಲ. ಪ್ರತಿ ಭಾನುವಾರ ಹೋದೆ, ಬರಿಗೈಯಲ್ಲಿ ಬಂದೆ, ಮತ್ತೆ ಹೋದೆ. ಕೊನೆಗೆ ಆ ಹಕ್ಕಿ ಜೋಡಿ ಸ್ವಲ್ಪ ಆಚೆ ಮತ್ತೆ ಮೊಟ್ಟೆಯಿಟ್ಟಿತು. ಈ ಸಲ ಕಲ್ಲಿಲ್ಲ, ಕೊಂಬೆಯಿಲ್ಲ. ನೂರು ಹೆಜ್ಜೆ ದೂರದಲ್ಲಿ, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಬೋರಲಾಗಿ ಮಲಗುತ್ತಿದ್ದೆ. ಮೊಣಕೈ ಚರ್ಮ ಸುಲಿದುಹೋಯಿತು. ಜಾಗ ಎಲ್ಲಿ ಎಂದು ಹೆಂಡತಿಗೂ ಹೇಳಲಿಲ್ಲ.

ನಾಲ್ಕನೇ ಭಾನುವಾರ, ಬಿಸಿಲು ಏರುವ ಹೊತ್ತಿಗೆ, ತಾಯಿ ಎದ್ದು ನಿಂತಿತು. ಅದರ ಕಾಲ ಬುಡದಲ್ಲಿ ಏನೋ ಅಲ್ಲಾಡಿತು. ಲೆನ್ಸಿನಲ್ಲಿ ನೋಡಿದರೆ ಒಡೆದ ಚಿಪ್ಪು, ಅದರಿಂದ ಹೊರಗೆ ಚಾಚಿದ ಒದ್ದೆ ತಲೆ! ಬೆರಳು ಬಟನ್ ಮೇಲಿತ್ತು.

“ಅಂಕಲ್, ಏನ್ ಸಿಕ್ತು?”

ಹಿಂದೆ ನಾಲ್ಕು ಜನ, ನನ್ನದಕ್ಕಿಂತ ಉದ್ದದ ಲೆನ್ಸುಗಳು. ಜೆ.ಪಿ. ನಗರದವರಂತೆ. ಕೆಟ್ಟವರಲ್ಲ; ಹತ್ತಿರ ಹೋಗಿ ನೋಡುತ್ತಾರೆ, ಅಷ್ಟೇ. ಆದರೆ ಅವರು ಸುತ್ತ ನಿಂತರೆ ತಾಯಿ ಹಾರಿಹೋಗುತ್ತದೆ. ಕಾಗೆಗೆ ಅಷ್ಟು ಸಾಕು.

ಎದ್ದು ನಿಂತೆ. ಲೆನ್ಸಿಗೆ ಮುಚ್ಚಳ ಹಾಕಿದೆ.

“ಏನಿಲ್ಲ ಗುರು, ಬರೀ ಮರಳು. ಆ ಕಡೆ ಬಂಡೆ ಹತ್ರ ಮಿಂಚುಳ್ಳಿ ಸಖತ್ತಾಗಿ ಕೂತಿದೆ, ಬನ್ನಿ ತೋರಿಸ್ತೀನಿ.”

ಬಂಡೆಯವರೆಗೂ ಅವರ ಜೊತೆ ಲೆನ್ಸು, ಬೆಳಕು ಅಂತ ಏನೇನೋ ಹರಟುತ್ತಾ ನಡೆದೆ. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ನಾನು ನೋಡಿದ್ದರೆ ಅವರೂ ನೋಡುತ್ತಿದ್ದರು.